ಆನ್‌ಲೈನ್ ತರಗತಿಗೆ ಕಹೂಟೋ ಪ್ಯಾಡ್ಲೆಟ್ಟೋ?

ದೂರದಲ್ಲಿ ಕುಳಿತ ಮಕ್ಕಳನ್ನು ಒಮ್ಮೆಲೇ ಎಚ್ಚರಿಸಲು ಕಹೂಟ್‌ಗೆ ಸಾಟಿಯಿಲ್ಲ. ನಾರ್ವೆಯಲ್ಲಿ ಹುಟ್ಟಿದ ಈ ರಸಪ್ರಶ್ನೆ ಆಟಕ್ಕೆ ಪಿನ್ ಸಂಖ್ಯೆ ಮತ್ತು ಹೆಸರು ಕೊಟ್ಟರೆ ಸಾಕು, ಮಕ್ಕಳು ಒಳಗೆ ಬರುತ್ತಾರೆ. ಬೇಗ ಸರಿಯುತ್ತರ ಕೊಟ್ಟವರಿಗೆ ಹೆಚ್ಚು ಅಂಕ. ನನ್ನನ್ನು ಕಾಡುವುದು ಇದೇ: ನೆಟ್‌ವರ್ಕ್ ನಿಧಾನವಿರುವ ಮನೆಯ ಮಗು ಉತ್ತರ ಗೊತ್ತಿದ್ದೂ ಹಿಂದೆ ಬೀಳುತ್ತದೆ. ಪ್ರತಿ ಪ್ರಶ್ನೆಯ ಸಮಯವನ್ನು 20 ಸೆಕೆಂಡಿನಿಂದ 60ಕ್ಕೆ ಏರಿಸಿಕೊಳ್ಳಿ, ತುಸು ಅನುಕೂಲವಾಗುತ್ತದೆ.

ಪ್ಯಾಡ್ಲೆಟ್ ಹಾಗಲ್ಲ. ಅದು ಆನ್‌ಲೈನ್‌ನಲ್ಲಿ ಎಲ್ಲರೂ ಸೇರಿ ತುಂಬುವ ಒಂದು ಖಾಲಿ ಗೋಡೆ. ಬರಹ, ಫೋಟೊ, ಧ್ವನಿ ಯಾವುದನ್ನಾದರೂ ಅಂಟಿಸಬಹುದು, ಅದೂ ಬಿಡುವಾದಾಗ. ಅಪ್ಪ ಕೆಲಸ ಮುಗಿಸಿ ಮೊಬೈಲ್ ತಂದ ಮೇಲೆ ಪಾಠಕ್ಕೆ ಕೂರುವ ಮಕ್ಕಳಿಗೆ ಇದೇ ಆಸರೆ. ಸಮಾಸದ ಪಾಠಕ್ಕೆ ಮನೆಯಲ್ಲಿ ಸಿಕ್ಕ ಪದ ತನ್ನಿ ಎಂದಿದ್ದೆ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ, ಅಜ್ಜಿ ಡಬ್ಬಿಗೆ ಅಂಟಿಸಿದ್ದ ‘ಕಡಲೆಬೇಳೆ’ ಚೀಟಿಯ ಫೋಟೊ ಹಾಕಿ, ಕೆಳಗೆ ‘ಕಡಲೆಯ ಬೇಳೆ, ತತ್ಪುರುಷ’ ಎಂದು ಬರೆದಿದ್ದ. ಉತ್ತರ ಆರಿಸಲು ಕಹೂಟ್ ಕೊಡುವ ನಾಲ್ಕು ಬಣ್ಣದ ಚೌಕಗಳಲ್ಲಿ ಈ ಉತ್ತರ ಹುಟ್ಟುತ್ತಿರಲಿಲ್ಲ.

ಪಾಠ ಎಷ್ಟು ತಲುಪಿತೆಂದು ಕೂಡಲೇ ತಿಳಿಯಲು ಕಹೂಟ್ ಬಳಸಿ. ಒಂದನ್ನೇ ಆರಿಸಿಕೊಳ್ಳಬೇಕಾದರೆ ನನ್ನ ಆಯ್ಕೆ ಪ್ಯಾಡ್ಲೆಟ್. ಆದರೆ ಪೋಸ್ಟ್‌ಗಳು ನಿಮ್ಮ ಒಪ್ಪಿಗೆಯ ನಂತರವೇ ಕಾಣುವಂತೆ ಮೊದಲೇ ಹೊಂದಿಸಿಡಿ.