ಘಾಟಿ ಮಳೆಯಲ್ಲಿ ಮುಂದಿನ ಗಾಜು: ಬಿಸಿ ಗಾಳಿಯೋ, ಎಸಿಯೋ, ಶೇವಿಂಗ್ ಫೋಮೋ?

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವವರಿಗೆ ಮುಂದಿನ ಗಾಜಿಗೆ ಹಬೆ ಕಟ್ಟುವುದು ಹೊಸದಲ್ಲ. ಹಬೆ ತೆಗೆಯುವ ಡಿಫಾಗರ್ ಬಟನ್ ಒತ್ತಿದರೂ ಗಾಜು ತಿಳಿಯಾಗದಿದ್ದರೆ ಒಬ್ಬೊಬ್ಬರದು ಒಂದೊಂದು ಸಲಹೆ. ಹೀಟರ್ ಹಾಕಿ, ಎಸಿ ಹಾಕಿ, ಕಿಟಕಿ ಇಳಿಸಿ, ಆಲೂಗಡ್ಡೆ ಉಜ್ಜಿ. ನಮ್ಮದು ಮೂಡಿಗೆರೆ ಕಡೆ, ಮಳೆ ಎಷ್ಟೇ ಇರಲಿ ಮಂಗಳೂರಿಗೆ ಓಡಾಟ ತಪ್ಪುವುದಿಲ್ಲ. ಹಾಗಾಗಿ ಒಂದೇ ಕಾರು, ಒಂದೇ ದಾರಿಯಲ್ಲಿ ಇವನ್ನೆಲ್ಲ ಹೋಲಿಸಿ ನೋಡಿದ್ದೇನೆ. ಆಲೂಗಡ್ಡೆ ಮಾತ್ರ ಬಿಟ್ಟೆ, ಅದು ಪಲ್ಯಕ್ಕೇ ಇರಲಿ.

ಬರೀ ಹೀಟರ್ ಹಾಕಿದಾಗ ಕೆಲಸ ನಿಧಾನ. ಎಂಜಿನ್ ಬಿಸಿಯಾಗುವ ತನಕ ಬರುವುದು ತಣ್ಣನೆಯ ಗಾಳಿಯೇ. ಆಮೇಲೆ ಗಾಜು ಬೆಚ್ಚಗಾಗಿ ಹಬೆ ಕರಗುತ್ತದೆ, ಸರಿ. ಆದರೆ ಒಳಗಿನ ಗಾಳಿಯೇ ಸುತ್ತುವ ಹಾಗೆ ಬಟನ್ ಇದ್ದರೆ ಕರಗಿದ ನೀರು ಎಲ್ಲಿಗೆ ಹೋಗಬೇಕು? ಕಾರಿನ ಒಳಗೇ ಉಳಿಯುತ್ತದೆ. ಹೀಟರ್ ಆರಿಸಿ ಸ್ವಲ್ಪ ಹೊತ್ತಿಗೆ ಮತ್ತೆ ಗಾಜು ಬೆಳ್ಳಗೆ.

ಬರೀ ತಣ್ಣನೆಯ ಎಸಿ ಬೇಗ ಕೆಲಸ ಮಾಡುತ್ತದೆ. ಎಸಿಯೊಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂತು, ಪೈಪಿನಲ್ಲಿ ಕೆಳಗೆ ಸುರಿದುಹೋಗುತ್ತದೆ. ಕೊಟ್ಟಿಗೆಹಾರದ ಚಳಿಯಲ್ಲಿ ಗಾಜೇನೋ ತಿಳಿಯಾಯಿತು, ಹಿಂದೆ ಕೂತ ಅಮ್ಮನ ಬೈಗುಳವೂ ಶುರುವಾಯಿತು. ತಮಾಷೆ ಇರುವುದು ಘಾಟಿ ಇಳಿದ ಮೇಲೆ. ಉಜಿರೆ ಕಡೆ ಹೊರಗಿನ ಗಾಳಿ ಬೆಚ್ಚಗೆ, ತೇವ ಜಾಸ್ತಿ. ತಣ್ಣಗಾದ ಗಾಜಿಗೆ ಆಗ ಹೊರಗಿನಿಂದ ಹಬೆ ಕಟ್ಟುತ್ತದೆ. ಒಳಗೆ ಎಷ್ಟು ಒರೆಸಿದರೂ ಹೋಗುವುದಿಲ್ಲ, ವೈಪರ್ ಒಂದು ಸಲ ಆಡಿದರೆ ಹೋಗುತ್ತದೆ. ಹಾಗಾಯಿತೆಂದರೆ ಎಸಿ ಗಾಳಿಯನ್ನು ಗಾಜಿನಿಂದ ಮುಖದ ಕಡೆಗೆ ತಿರುಗಿಸಿ, ತಂಪು ಕಡಿಮೆ ಮಾಡಬೇಕು.

ನನ್ನ ಲೆಕ್ಕದಲ್ಲಿ ಗೆದ್ದದ್ದು ಎರಡೂ ಒಟ್ಟಿಗೆ: ಎಸಿ ಆನ್, ತಾಪದ ನಾಬ್ ಬಿಸಿಯ ಕಡೆ, ಗಾಳಿ ಗಾಜಿಗೆ, ಹೊರಗಿನ ಗಾಳಿ ಒಳಗೆ. ಎಸಿ ಗಾಳಿಯನ್ನು ಒಣಗಿಸುತ್ತದೆ, ಹೀಟರ್ ಅದನ್ನೇ ಬೆಚ್ಚಗೆ ಮಾಡುತ್ತದೆ. ಎಸಿ ಮತ್ತು ಹೀಟರ್ ಒಟ್ಟಿಗೆ ಹಾಕಿದರೆ ಕಾರು ಕೆಡುತ್ತದೆ ಎಂದು ಹೇಳುವವರಿದ್ದಾರೆ. ಸುಮ್ನೆ ಹೆದರಿಕೆ. ಎಷ್ಟೋ ಕಾರುಗಳಲ್ಲಿ ಡಿಫಾಗರ್ ಒತ್ತಿದರೆ ಎಸಿ ತಾನೇ ಆನ್ ಆಗುತ್ತದೆ.

ಹೊರಗೆ ಜಡಿಮಳೆ, ಆ ಗಾಳಿ ಬಿಟ್ಟರೆ ತೇವ ಇನ್ನೂ ಜಾಸ್ತಿ ಅಲ್ವಾ ಎನ್ನಿಸಬಹುದು. ಇಲ್ಲ. 18 ಡಿಗ್ರಿಯಲ್ಲಿ ತೇವ ತುಂಬಿಕೊಂಡ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಅದು ಹಿಡಿಯಬಲ್ಲ ತೇವದಲ್ಲಿ ಸುಮಾರು ಅರ್ಧ ಮಾತ್ರ ಅದರಲ್ಲಿರುತ್ತದೆ. ಇನ್ನರ್ಧ ಖಾಲಿ. ಒಳಗಿನ ಗಾಳಿಗೆ ನಾಲ್ಕು ಜನರ ಉಸಿರು, ನೀರು ದೋಸೆ ತಿನ್ನಲು ಇಳಿದಾಗ ನೆನೆದ ಜಾಕೆಟ್ಟು, ಕೊಡೆ ಎಲ್ಲ ಸೇರಿರುತ್ತದೆ.

ಕಿಟಕಿ ಇಳಿಸುವುದು ಬಡವರ ಡಿಫಾಗರ್. ಎಸಿ ಕೆಟ್ಟಾಗ ಎರಡು ಬೆರಳಿನಷ್ಟು ಇಳಿಸಿದರೂ ಉಪಯೋಗ ಇದೆ, ತೋಳು ನೆನೆಯುತ್ತದೆ ಅಷ್ಟೆ.

ನಮ್ಮ ಕಾರಿನಲ್ಲಿ ಇಷ್ಟೆಲ್ಲ ಮಾಡಿದರೂ ಎಡಗಡೆಯ ಕೆಳಮೂಲೆ ಮಾತ್ರ ತಿಳಿಯಾಗುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಎಸಿ ಗ್ಯಾಸ್ ತುಂಬಿಸಿ ಎಂದರು. ಎಸಿ ಚೆನ್ನಾಗಿಯೇ ತಣ್ಣಗಿತ್ತು, ಹಾಗಾಗಿ ಒಪ್ಪಲಿಲ್ಲ. ಎಡಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಕಾರ್ಪೆಟ್ ಹಿಂಡುವಷ್ಟು ಒದ್ದೆ. ವೈಪರ್ ಬುಡದ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆಗಳು ಕೊಳೆತು ನೀರು ಹೋಗುವ ತೂತು ಮುಚ್ಚಿಕೊಂಡಿತ್ತು. ನೀರು ಒಳಗೆ ದಾರಿ ಹುಡುಕಿಕೊಂಡಿತ್ತು. ಎಲೆ ತೆಗೆದು, ಕಾರ್ಪೆಟ್ ಕಳಚಿ ಬಿಸಿಲು ಬಿದ್ದಾಗ ಒಣಗಿಸಿದ ಮೇಲೆ ಆ ಮೂಲೆಯೂ ಸರಿಹೋಯಿತು. ಎಸಿಯ ನೀರು ಹೋಗುವ ಪೈಪ್ ಕಟ್ಟಿಕೊಂಡರೂ ಇದೇ ಕಥೆ.

ನಿಮ್ಮ ಕಾರಿನಲ್ಲಿ ಗಾಳಿಯೇ ಮೆಲ್ಲಗೆ ಬರುತ್ತಿದ್ದರೆ ಮೊದಲು ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ಗಾಳಿ ಊದುವ ಫ್ಯಾನ್, ಅಂದರೆ ಬ್ಲೋವರ್, ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ಸಾಮಾನ್ಯವಾಗಿ ಅದರ ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ಹೋಗಿರುತ್ತದೆ. ಗಾಳಿ ಜೋರಾಗಿದ್ದೂ ಬಿಸಿ ಇಲ್ಲದಿದ್ದರೆ ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲೆಂಟ್, ಕಡಿಮೆ ಇರಬಹುದು, ಇಲ್ಲವೇ ಅದರ ಹರಿವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ಗಾಜಿನ ಮೇಲೆ ಎಣ್ಣೆಯಂಥ ಪದರ, ಜೊತೆಗೆ ಸಿಹಿ ವಾಸನೆ ಬಂದರೆ ಬಿಸಿ ಕೂಲೆಂಟ್ ಹರಿದು ಗಾಳಿ ಕಾಯಿಸುವ ಹೀಟರ್ ಕೋರ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಮುಂದೂಡಬೇಡಿ.

ಉಳಿದದ್ದು ಹಚ್ಚುವ ಮದ್ದುಗಳು. ಶೇವಿಂಗ್ ಫೋಮ್ ಹಚ್ಚಿ ಒರೆಸಿದರೆ ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡುತ್ತದೆ, ಹಾಗಾಗಿ ಗಾಜಿನಾಚೆ ಕಾಣುತ್ತದೆ. ಅಂಗಡಿಯ ಆಂಟಿ ಫಾಗ್ ಸ್ಪ್ರೇ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಬೆಲೆ ಮಾತ್ರ ಜಾಸ್ತಿ. ರಾತ್ರಿ ಎದುರಿನ ಲಾರಿಯ ಲೈಟ್ ಬಿದ್ದಾಗ ಎರಡರಲ್ಲೂ ಗೆರೆಗೆರೆ ಕಾಣುತ್ತದೆ. ಘಾಟಿಯ ತಿರುವಿನಲ್ಲಿ ಅದು ಬೇಡವೇ ಬೇಡ. ಮುಂದಿನ ಗಾಜನ್ನು ಮೈಕ್ರೋಫೈಬರ್ ಬಟ್ಟೆಯಲ್ಲಿ ಜಿಡ್ಡಿಲ್ಲದಂತೆ ಒರೆಸಿಟ್ಟರೆ ಸಾಕು, ಹಬೆ ಅಂಟುವುದು ಕಡಿಮೆಯಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಚೀಲ ನಿಲ್ಲಿಸಿದ ಕಾರಿಗೆ ಸ್ವಲ್ಪ ಆಗಬಹುದು, ಓಡುವ ಕಾರಿಗೆ ಏನೂ ಸಾಲದು.

ನಮ್ಮದು ಕಡಿಮೆ ಬೆಲೆಯ ಮಾಡೆಲ್, ಹಿಂದಿನ ಗಾಜಿಗೆ ಬಿಸಿ ಗೆರೆಗಳಿಲ್ಲ. ಬ್ಲೋವರಿನ ಗಾಳಿಯೂ ಅಲ್ಲಿಗೆ ತಲುಪುವುದು ಕಷ್ಟ. ಫೋಮ್ ಈಗ ಆ ಗಾಜಿಗೆ ಮಾತ್ರ ಹಚ್ಚುತ್ತೇನೆ.