ಕಳೆ ತುಂಬಿದ ಸರೋವರದಲ್ಲಿ ಮಸ್ಕಿ ಮೀನು: ಯಾವ ಲ್ಯೂರ್ (ಕೃತಕ ಗಾಳದೆರೆ) ಒಯ್ಯಬೇಕು?

ಅಮೆರಿಕದ ಉತ್ತರ ವಿಸ್ಕಾನ್ಸಿನ್‌ನ ಸರೋವರ, ಆಳ ಕಡಿಮೆ, ಕಳೆ ಜಾಸ್ತಿ. ಹಿಡಿಯಬೇಕಾದ್ದು ಮಸ್ಕಿ, ಅಂದರೆ ಬೇರೆ ಮೀನುಗಳನ್ನು ಬೇಟೆಯಾಡುವ ದೊಡ್ಡ ಸಿಹಿನೀರಿನ ಮೀನು. ಬಕ್‌ಟೇಲ್ (ತಿರುಗುವ ಬಿಲ್ಲೆ, ಹಿಂದೆ ಕೂದಲಿನ ಕುಚ್ಚು), ಸ್ಪಿನ್ನರ್‌ಬೈಟ್ (ಬಾಗಿದ ತಂತಿಗೆ ಬಿಲ್ಲೆ ಮತ್ತು ಕೊಕ್ಕೆ), ಟಾಪ್‌ವಾಟರ್ (ನೀರಿನ ಮೇಲ್ಮೈಯಲ್ಲಿ ಓಡುವ ಲ್ಯೂರ್), ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಮೊದಲು ಕಳೆ ನೋಡಿ. ಅದರ ತುದಿ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಕೆಳಗಿದ್ದರೆ ಬಕ್‌ಟೇಲ್ ಕಳೆಯ ಮೇಲೆ ಸಲೀಸಾಗಿ ಓಡುತ್ತದೆ. ಕಳೆ ಮೇಲಕ್ಕೇ ಬಂದಿದ್ದರೆ ಬಕ್‌ಟೇಲ್‌ನ ಮೂರು ಮೊನೆಯ ಕೊಕ್ಕೆಗಳಿಗೆ ಎಸೆದಾಗಲೆಲ್ಲ ಒಂದು ಹಿಡಿ ಸೊಪ್ಪು ಗ್ಯಾರಂಟಿ. ಅಲ್ಲಿ ಸ್ಪಿನ್ನರ್‌ಬೈಟ್ ಒಳ್ಳೆಯದು. ಒಂಟಿ ಕೊಕ್ಕೆ ಮೇಲ್ಮುಖವಾಗಿರುತ್ತದೆ, ಮುಂದಿನ ತಂತಿ ಕಳೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಟಾಪ್‌ವಾಟರ್ ನೀರಿನ ಮೇಲೆಯೇ ಬರುತ್ತದೆ, ಆದರೆ ಕಿತ್ತು ತೇಲುವ ಸೊಪ್ಪು ಅದಕ್ಕೂ ಕಾಟವೇ.

ಹೊಸಬರಿಗೆ ಬಕ್‌ಟೇಲ್ ಸುಲಭ. ಎಸೆಯಿರಿ, ಸುತ್ತಿ, ಅಷ್ಟೇ. ಟಾಪ್‌ವಾಟರ್‌ಗೆ ತಾಳ್ಮೆ ಬೇಕು: ನೀರು ಚಿಮ್ಮಿದ ಕೂಡಲೇ ಎಳೆದರೆ ಮೀನು ಹೋಯ್ತು, ಭಾರ ಕೈಗೆ ತಾಗುವವರೆಗೆ ಕಾಯಬೇಕು. ಮುಂಜಾನೆ, ಸಂಜೆ, ಗಾಳಿಯಿಲ್ಲದ ಹೊತ್ತಿಗೆ ನಾನಾದರೆ ಅದನ್ನೇ ಕಟ್ಟುತ್ತೇನೆ, ಮಜಾ ಅದರಲ್ಲೇ ಅಲ್ವಾ!

ಬಾಳಿಕೆಯಲ್ಲಿ ಸ್ಪಿನ್ನರ್‌ಬೈಟ್ ಹಿಂದೆ. ದೊಡ್ಡ ಮೀನು ಕಚ್ಚಿದರೆ ತಂತಿ ಬಾಗುತ್ತದೆ. ಪದೇ ಪದೇ ನೆಟ್ಟಗೆ ಮಾಡಿದರೆ ಮುರಿಯುತ್ತದೆ.

ಮೀನನ್ನು ವಾಪಸ್ ಬಿಡುವವರಿಗೆ ಒಂಟಿ ಕೊಕ್ಕೆ ಅನುಕೂಲ, ಬೇಗ ಬಿಡಿಸಬಹುದು. ವಿಸ್ಕಾನ್ಸಿನ್‌ನಲ್ಲಿ ಮಸ್ಕಿಯನ್ನು ಇಟ್ಟುಕೊಳ್ಳಲು ಸಾಮಾನ್ಯ ಕನಿಷ್ಠ ಅಳತೆ 40 ಇಂಚು, ಕೆಲವು ಸರೋವರಗಳಿಗೆ ನಿಯಮವೇ ಬೇರೆ. ಬೇಸಿಗೆಯಲ್ಲಿ ನೀರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೂರನ್ನೂ ಪೆಟ್ಟಿಗೆಯಲ್ಲೇ ಇಡಿ. ಆ ಬಿಸಿಯಲ್ಲಿ ಸೆಣಸಿದ ಮಸ್ಕಿ ಬಿಟ್ಟ ಮೇಲೂ ಸಾಯಬಹುದು.