ಹರಳಿಗೆ ಸಾಣೆ ಹಿಡಿಯಲು ಯಾವ ಆವೃತ್ತಿ ಮೇಲು?

ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂರು ಆವೃತ್ತಿಗಳಲ್ಲಿ ಒಂದೇ ಪಾತ್ರವನ್ನು, ಹರಳು ಕತ್ತರಿಸುವ ಕಸುಬಿನ, ಕುಳ್ಳ ಜನಾಂಗದ ಒಬ್ಬ ಡ್ವಾರ್ಫ್‌ನನ್ನು, ಆಡಿ ನೋಡಿದ್ದೇನೆ. 1989ರ ಎರಡನೆಯ ಆವೃತ್ತಿಯ ಹಳೆಯ ನಿಯಮವೇ ನನಗೆ ಒಗ್ಗಿತೆಂದು ಮೊದಲೇ ಹೇಳಿಬಿಡುತ್ತೇನೆ. 2003ರ 3.5 ಆವೃತ್ತಿಯ ಪುಸ್ತಕವನ್ನು ಕೊಂಡದ್ದೇ ಅದರಲ್ಲಿ ಕಸುಬಿನ ನಿಯಮಗಳು ವಿಸ್ತಾರವಾಗಿವೆ ಎಂಬ ಆಸೆಯಿಂದ. ಆ ವಿಸ್ತಾರವೇ ಕೊರಳಿಗೆ ಉರುಳಾಯಿತು.

ಆ ಆವೃತ್ತಿಯಲ್ಲಿ ವಸ್ತುವಿನ ಬೆಲೆಯ ಮೂರನೆಯ ಒಂದು ಭಾಗವನ್ನು ಕಚ್ಚಾ ಸಾಮಗ್ರಿಗೆ ತೆತ್ತು ವಾರಕ್ಕೊಮ್ಮೆ ದಾಳ ಹಾಕಬೇಕು. ದಾಳಕ್ಕೆ ಕೌಶಲ್ಯದ ಅಂಕ ಕೂಡಿಸಿ ಬಂದ ಮೊತ್ತವನ್ನು ಕಠಿಣತೆಯ ಅಂಕದಿಂದ (ಗೆಲ್ಲಲು ಮುಟ್ಟಬೇಕಾದ ಗುರಿ) ಗುಣಿಸಿದರೆ ಆ ವಾರದ ಕೆಲಸ ಎಷ್ಟು ಬೆಳ್ಳಿ ನಾಣ್ಯಗಳಷ್ಟು ಸಾಗಿತೆಂದು ತಿಳಿಯುತ್ತದೆ. ನನ್ನ ಡ್ವಾರ್ಫ್‌ನ ಕೈಯಲ್ಲಿದ್ದದ್ದು ಸಾಣೆ ಹಿಡಿದ ಮೇಲೆ 500 ಚಿನ್ನದ ನಾಣ್ಯ ಬಾಳುವ ಹರಳು. ಕಠಿಣತೆ 15 ಎಂದಿಟ್ಟುಕೊಂಡು, ಪ್ರತಿ ವಾರವೂ ಮೊತ್ತ 20 ಬಂತೆಂದುಕೊಂಡರೂ ವಾರಕ್ಕೆ 300 ಬೆಳ್ಳಿ, ಅಂದರೆ 30 ಚಿನ್ನ; ಒಂದು ಹರಳಿಗೆ 17 ವಾರ. ಕಠಿಣತೆಯನ್ನು 20ಕ್ಕೆ ಏರಿಸಿದರೆ ಅದೇ ಕೆಲಸ 13 ವಾರಕ್ಕೇ ಮುಗಿಯುತ್ತದೆ! ಕೆಲಸ ಕಷ್ಟವಾದಷ್ಟೂ ಬೇಗ ಮುಗಿಯುವ ಈ ಲೆಕ್ಕವನ್ನು ಜೊತೆಗಾರರಿಗೆ ವಿವರಿಸುವುದರಲ್ಲಿ ನನ್ನ ಅರ್ಧ ಗಂಟೆ ಹೋಯಿತು.

ಮೂರನೆಯ ವಾರ ದಾಳದಲ್ಲಿ 2 ಬಿತ್ತು. ನನ್ನ ಕೌಶಲ್ಯದ 7 ಸೇರಿ 9 ಆಯಿತು. ಐದು ಅಥವಾ ಅದಕ್ಕಿಂತ ಹೆಚ್ಚು ಅಂಕದಿಂದ ಸೋತರೆ ಕಚ್ಚಾ ಸಾಮಗ್ರಿಯ ಅರ್ಧ ಹಾಳಾಗಿ, ಅದರ ಬೆಲೆಯನ್ನು ಮತ್ತೆ ತೆರಬೇಕೆಂಬುದು ನಿಯಮ; ಇಲ್ಲಿ ಅದು ಸುಮಾರು 83 ಚಿನ್ನದ ನಾಣ್ಯ. ಕತ್ತಿಗಾದರೆ ಸರಿ, ಇನ್ನಷ್ಟು ಕಬ್ಬಿಣ ತಂದರಾಯಿತು. ಆದರೆ ಹಾಳಾದ ಅರ್ಧ ಹರಳನ್ನು ಎಲ್ಲಿಂದ ಕೊಂಡು ತಂದು ಅಂಟಿಸುವುದು? ಹರಳು ತಯಾರಾಗುವ ವಸ್ತುವಲ್ಲ, ಸಿಕ್ಕುವ ವಸ್ತು. ಕಸುಬುದಾರನು ಅದರಿಂದ ಕಳೆಯುತ್ತಾನೆಯೇ ಹೊರತು ಅದಕ್ಕೆ ಏನನ್ನೂ ಕೂಡಿಸುವುದಿಲ್ಲ. ಅಷ್ಟು ಗಟ್ಟಿಯಾದ ವಜ್ರವೂ ತನ್ನ ಸೀಳುಗೆರೆಯಲ್ಲಿ ಒಂದು ತಪ್ಪು ಏಟಿಗೆ ಎರಡಾಗುತ್ತದೆ. ಮಡಕೆಗೂ ಮಾಣಿಕ್ಯಕ್ಕೂ ಒಂದೇ ಸೂತ್ರ ಹಚ್ಚಿದಾಗ ಈ ಭೇದ ಮಾಯವಾಗುತ್ತದೆ.

2014ರ ಐದನೆಯ ಆವೃತ್ತಿ ಲೆಕ್ಕವನ್ನು ಸರಳಗೊಳಿಸಿದೆ, ಆದರೆ ಅದೇ ದಾರಿಯಲ್ಲಿ: ಅರ್ಧ ಬೆಲೆಯ ಸಾಮಗ್ರಿ, ದಿನಕ್ಕೆ 5 ಚಿನ್ನದಷ್ಟು ಕೆಲಸ, ಹಾಗಾಗಿ ನನ್ನ ಹರಳಿಗೆ 100 ದಿನ. 2017ರ ಪೂರಕ ಪುಸ್ತಕದ ವಾರಕ್ಕೆ 50 ಚಿನ್ನದ ಲೆಕ್ಕದಲ್ಲೂ 10 ವಾರ ಬೇಕು. ಅದೇ ಪುಸ್ತಕದಲ್ಲಿ ಅಕ್ಕಸಾಲಿಗನ ಉಪಕರಣಗಳಿಂದ ಹರಳಿನ ರೂಪವನ್ನು ಬದಲಿಸಲು ಕಠಿಣತೆ 15ರ ಪರೀಕ್ಷೆಯೊಂದಿದೆ. ಅದು ನನಗೆ ಬಹಳ ಹಿಡಿಸಿತು.

ಎರಡನೆಯ ಆವೃತ್ತಿಯಲ್ಲಿ ಇದೆಲ್ಲ ಒಂದೇ ಪ್ಯಾರಾದಲ್ಲಿ ಮುಗಿದಿದೆ. ಒಳ್ಳೆಯ ಬೆಳಕು, ಉಳಿ, ಸುತ್ತಿಗೆ, ಗಡಸು ಅಲಗುಗಳಿದ್ದರೆ ದಿನಕ್ಕೆ ಹತ್ತು ಮುಖದ ಒಂದು ದಾಳದಲ್ಲಿ ಬಂದಷ್ಟು ಹರಳು. ಕೈಚಳಕದ ಅಂಕದಿಂದ 2 ಕಳೆದು, ಇಪ್ಪತ್ತು ಮುಖದ ದಾಳದಲ್ಲಿ ಅಷ್ಟು ಅಥವಾ ಕಡಿಮೆ ಬಂದರೆ ಕಚ್ಚಾ ಹರಳು ತನ್ನ ಜಾತಿಗೆ ತಕ್ಕ ಬೆಲೆಗೆ ಏರುತ್ತದೆ. 1 ಬಂದರೆ ಮೇಲಿನ ವರ್ಗಕ್ಕೇ ಜಿಗಿಯುತ್ತದೆ. ನನ್ನ ಕೈಚಳಕ 15, ಆದ್ದರಿಂದ 13 ಗುರಿ. ಆರು ಹರಳುಗಳಲ್ಲಿ ಐದನೆಯದಕ್ಕೆ 1 ಬಿದ್ದಾಗ ಮೇಜಿನ ಸುತ್ತ ಎದ್ದ ಕೂಗು 17 ವಾರಗಳ ಗುಣಾಕಾರದಿಂದ ಎಂದೂ ಹುಟ್ಟುತ್ತಿರಲಿಲ್ಲ.

ಕೊರತೆಗಳಿಲ್ಲವೆಂದಲ್ಲ. ಪಾತ್ರಕ್ಕೆ ಸಿಗುವ ಕೆಲವೇ ವಿದ್ಯಾಸ್ಥಾನಗಳಲ್ಲಿ ಎರಡನ್ನು ಈ ಕಸುಬಿಗೆ ಒಪ್ಪಿಸಬೇಕು, ಕಚ್ಚಾ ಹರಳಿನ ಬೆಲೆಯನ್ನೂ ಆಟ ನಡೆಸುವವರೇ ಗೊತ್ತುಮಾಡಬೇಕು. ನಾವು ಹತ್ತನೆಯ ಒಂದು ಭಾಗವೆಂದು ಇಟ್ಟುಕೊಂಡಿದ್ದೇವೆ. ತಿಂಗಳಿಗೆ ಎರಡು ಬಾರಿ, ಮೂರು ಮೂರು ಗಂಟೆ ಆಡುವ ನಮ್ಮ ಗುಂಪಿನ ಕಥೆಯಲ್ಲಿ ಒಂದು ವಾರ ನೆಮ್ಮದಿಯಾಗಿ ಕಳೆದರೆ ಅದೇ ಹೆಚ್ಚು. ಹಳೆಯ ಪುಸ್ತಕ ಹೇಗೂ ಕಪಾಟಿನಲ್ಲಿತ್ತು, ಹೊಸದಾಗಿ ಏನೂ ಖರ್ಚಾಗಲಿಲ್ಲ. ಆ 15ರ ಪರೀಕ್ಷೆಯನ್ನು ಮಾತ್ರ ಎರವಲು ತಂದಿದ್ದೇವೆ; ಕದ್ದ ಹರಳುಗಳು ನಮ್ಮ ಚೀಲದಲ್ಲಿ ಸ್ವಲ್ಪ ಹೆಚ್ಚೇ ಇರುತ್ತವೆ.